ಊರು ಸಣ್ಣದು, ಪಾಲು ಸಮ: ಗ್ರೀನ್ ಬೇ ತಂಡ ಉಳಿದ ಕಥೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಗ್ರೀನ್ ಬೇ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು ಒಂದು ಲಕ್ಷದ ಏಳು ಸಾವಿರ. ಹೆಚ್ಚುಕಡಿಮೆ ನಮ್ಮ ರಾಣೆಬೆನ್ನೂರಿನಷ್ಟು ಅಂದುಕೊಳ್ಳಿ. ಸುತ್ತಮುತ್ತ ಹೈನುಗಾರರ ಹಳ್ಳಿಗಳು, ಊರೊಳಗೆ ಕಾಗದದ ಕಾರ್ಖಾನೆಗಳು. ಈ ಊರಿಗೆ ಒಂದು ಫುಟ್‌ಬಾಲ್ ತಂಡವಿದೆ. ಹೆಸರು ಪ್ಯಾಕರ್ಸ್. ನ್ಯೂಯಾರ್ಕ್, ಷಿಕಾಗೊ, ಡಲ್ಲಾಸ್, ಲಾಸ್ ಏಂಜಲೀಸ್‌ನಂಥ ಮಹಾನಗರಗಳ ತಂಡಗಳ ಜೊತೆ ಒಂದೇ ಲೀಗ್‌ನಲ್ಲಿ ಅದು ಆಡುತ್ತದೆ. ಸುಮ್ಮನೆ ಆಡಿ ಬರುವುದಲ್ಲ, ಇದುವರೆಗೆ 13 ಸಲ ಲೀಗ್ ಗೆದ್ದಿದೆ. ಅಷ್ಟು ಸಲ ಗೆದ್ದ ಇನ್ನೊಂದು ತಂಡ ಅಲ್ಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇದು ಮೆಸ್ಸಿ, ರೊನಾಲ್ಡೊ ಆಡುವ ಕಾಲ್ಚೆಂಡಲ್ಲ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್ ಹಾಕಿಕೊಂಡು ಮೈಗೆ ಮೈ ಡಿಕ್ಕಿ ಹೊಡೆಯುತ್ತಾರೆ. ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್. ಅದರಲ್ಲಿ 32 ತಂಡಗಳಿವೆ.

"ಅಲ್ಲಿನ ಆಟದ ಲೆಕ್ಕ ನಮಗ್ಯಾಕೆ?" ಅಂತ ನಮ್ಮ ಬಳಗದಲ್ಲೇ ಕೇಳಿದವರುಂಟು. ಸಣ್ಣ ಊರು ದೊಡ್ಡ ಊರಿನ ಎದುರು ಬಾಳಿ ಬದುಕಬೇಕಾದರೆ ಏನು ಬೇಕು ಅನ್ನುವುದು ನಮ್ಮ ಪ್ರಶ್ನೆಯೂ ಹೌದಲ್ಲವೇ? ಗ್ರೀನ್ ಬೇ ಕೊಡುವ ಉತ್ತರ ಸ್ಪಷ್ಟ. ದೊಡ್ಡವರ ದಯೆಯನ್ನು ನಂಬಿ ಆ ತಂಡ ಉಳಿದಿಲ್ಲ. ಬರೆದಿಟ್ಟ ಒಪ್ಪಂದದಿಂದ ಉಳಿದಿದೆ. ಆ ಒಪ್ಪಂದದ ಒಂದು ತುದಿ ಹಿಡಿದವರು ಅಲ್ಲಿ ದುಡಿಯುವ ಆಟಗಾರರು. ಇದನ್ನು ಮರೆತರೆ ಸಣ್ಣ ಊರಿಗೇ ನಷ್ಟ ಅನ್ನುವುದು ನಮ್ಮ ವಾದ.

ಒಡೆಯನಿಲ್ಲದ ತಂಡ

ತಂಡ ಹುಟ್ಟಿದ್ದು 1919ರಲ್ಲಿ. ಊರಿನ ಒಂದು ಮಾಂಸ ಪ್ಯಾಕಿಂಗ್ ಕಂಪನಿ ಅಂಗಿ ಹೊಲಿಸಲು ದುಡ್ಡು ಕೊಟ್ಟಿತು, ಅದಕ್ಕೇ ಪ್ಯಾಕರ್ಸ್ ಅನ್ನುವ ಹೆಸರು. 1923ರಲ್ಲಿ ಊರವರು ಷೇರು ಕೊಂಡು ತಂಡವನ್ನು ತಮ್ಮದೇ ಸಂಸ್ಥೆ ಮಾಡಿಕೊಂಡರು. ಇವತ್ತು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಆ ಷೇರಿಗೆ ಲಾಭಾಂಶವಿಲ್ಲ, ಪೇಟೆಯಲ್ಲಿ ಮಾರಿ ದುಡ್ಡು ಮಾಡಿಕೊಳ್ಳಲೂ ಬರುವುದಿಲ್ಲ. ಹಾಗಾಗಿ ತಂಡವನ್ನು ಬೇರೆ ಊರಿಗೆ ಹೊತ್ತೊಯ್ಯುವ ಒಬ್ಬ ಸಾಹುಕಾರನೂ ಇಲ್ಲ.

ಊರವರ ಅಭಿಮಾನ ಒಂದೇ ಸಾಕಿತ್ತೇ? ಸಾಲದು. 1920ರ ದಶಕದಲ್ಲಿ ಕ್ಯಾಂಟನ್, ಡುಲುತ್, ರಾಕ್ ಐಲೆಂಡ್, ಪಾಟ್ಸ್‌ವಿಲ್‌ನಂಥ ಸಣ್ಣ ಊರುಗಳ ತಂಡಗಳೂ ಈ ಲೀಗ್‌ನಲ್ಲಿದ್ದವು. ಅಲ್ಲಿಯ ಜನರಿಗೂ ತಮ್ಮ ತಂಡದ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಒಂದೊಂದಾಗಿ ಎಲ್ಲವೂ ಮುಚ್ಚಿದವು. ಆ ಕಾಲದ ಸಣ್ಣ ಊರುಗಳಲ್ಲಿ ಉಳಿದದ್ದು ಗ್ರೀನ್ ಬೇ ಒಂದೇ.

ಒಂದೇ ಕಣದಲ್ಲಿ ರಾಶಿ

ಟಿವಿ ಬಂದ ಮೇಲೆ ಆಟದ ದುಡ್ಡಿನ ದಾರಿಯೇ ಬದಲಾಯಿತು. ಮೊದಮೊದಲು ಪ್ರತಿ ತಂಡವೂ ತನ್ನ ಪಂದ್ಯದ ಟಿವಿ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕ್‌ನಲ್ಲಿ ನೋಡುವವರು ಕೋಟಿಗಟ್ಟಲೆ, ಗ್ರೀನ್ ಬೇಯಲ್ಲಿ ಸಾವಿರಗಟ್ಟಲೆ. ಹೀಗೇ ಬಿಟ್ಟಿದ್ದರೆ ಹತ್ತು ವರ್ಷದಲ್ಲಿ ಕಥೆ ಮುಗಿಯುತ್ತಿತ್ತು.

ಆಗ ಲೀಗ್‌ನ ಮುಖ್ಯಸ್ಥರಾಗಿದ್ದವರು ಪೀಟ್ ರೊಝೆಲ್. ಎಲ್ಲ ತಂಡಗಳ ಹಕ್ಕನ್ನೂ ಒಟ್ಟಿಗೆ ಮಾರಿ, ಬಂದ ಹಣವನ್ನು ಸಮನಾಗಿ ಹಂಚೋಣ ಎಂದು ಅವರು ಮಾಲೀಕರನ್ನು ಒಪ್ಪಿಸಿದರು. ಹೆಚ್ಚು ಕಳೆದುಕೊಳ್ಳಬೇಕಾಗಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡದ ಮಾರಾ ಕುಟುಂಬವೂ ಒಪ್ಪಿತು. 1961ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆ ಕಾನೂನಿನ ಬಲ ಕೊಟ್ಟಿತು. 1962ರಲ್ಲಿ ಮೊದಲ ಒಟ್ಟು ಒಪ್ಪಂದವಾದಾಗ ವರ್ಷಕ್ಕೆ ಸಿಕ್ಕಿದ್ದು 46 ಲಕ್ಷ 50 ಸಾವಿರ ಡಾಲರ್. ಹೊಲ ಯಾರದು ಎಷ್ಟೇ ಇರಲಿ, ಟಿವಿಯ ಬೆಳೆಯನ್ನು ಒಂದೇ ಕಣದಲ್ಲಿ ರಾಶಿ ಮಾಡಿ ಸಮ ಪಾಲು ಹಾಕಿಕೊಂಡರು.

ಆ ರಾಶಿ ಈಗ ಎಷ್ಟು ದೊಡ್ಡದಾಗಿದೆ ಎಂದು ಜಗತ್ತಿಗೆ ಗೊತ್ತಾಗುವುದೂ ಗ್ರೀನ್ ಬೇಯಿಂದಲೇ. ಉಳಿದ ತಂಡಗಳ ಲೆಕ್ಕ ಮಾಲೀಕರ ಕಪಾಟಿನಲ್ಲಿ ಭದ್ರ. ಪ್ಯಾಕರ್ಸ್ ಮಾತ್ರ ಷೇರುದಾರರ ಮುಂದೆ ಪ್ರತಿ ವರ್ಷ ಲೆಕ್ಕ ಒಪ್ಪಿಸುತ್ತದೆ. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಲೀಗ್‌ನಿಂದ ಅದಕ್ಕೆ ಬಂದ ಪಾಲು 40 ಕೋಟಿ 23 ಲಕ್ಷ ಡಾಲರ್. ಸ್ಥಳೀಯವಾಗಿ ತಾನೇ ದುಡಿದದ್ದು ಸುಮಾರು 25 ಕೋಟಿ ಡಾಲರ್.

ಸಂಬಳಕ್ಕೆ ಮೇಲೊಂದು ಗೆರೆ, ಕೆಳಗೊಂದು ಗೆರೆ

ದುಡ್ಡು ಬರುವ ದಾರಿ ಸಮವಾಯಿತು. ಹೋಗುವ ದಾರಿ? ಅದನ್ನು ಸಮ ಮಾಡಿದ್ದು ಆಟಗಾರರ ಸಂಘದ ಜೊತೆಗಿನ ಒಪ್ಪಂದ. ಅದು ಸುಲಭಕ್ಕೆ ಬಂದದ್ದಲ್ಲ.

ಬಹಳ ಕಾಲ ಆಟಗಾರನಿಗೆ ತಂಡ ಬದಲಿಸುವ ನಿಜವಾದ ಸ್ವಾತಂತ್ರ್ಯ ಇರಲಿಲ್ಲ. ಕರಾರು ಮುಗಿದರೂ ಹಳೇ ಧಣಿಯ ಹಿಡಿತ ಮುಗಿಯುತ್ತಿರಲಿಲ್ಲ. 1982ರಲ್ಲಿ 57 ದಿನ ಮುಷ್ಕರ ನಡೆಯಿತು. 1987ರಲ್ಲಿ ಮತ್ತೆ ಮುಷ್ಕರ ಹೂಡಿದಾಗ ಮಾಲೀಕರು ಬದಲಿ ಆಟಗಾರರನ್ನು ಇಳಿಸಿ ಪಂದ್ಯ ನಡೆಸಿದರು. ಸಂಘ ಸೋತಿತು. ಬೀದಿಯಲ್ಲಿ ಸೋತವರು ಕೋರ್ಟಿಗೆ ಹೋದರು. 1992ರಲ್ಲಿ ಮಿನಿಯಾಪೊಲಿಸ್‌ನ ಕೋರ್ಟಿನಲ್ಲಿ ಜ್ಯೂರಿ ಆಟಗಾರರ ಪರ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಎಲ್ಲ ಆಟಗಾರರ ಪರವಾಗಿ ಇನ್ನೊಂದು ದಾವೆ ಬಿತ್ತು. ಅದಕ್ಕೆ ಹೆಸರು ಕೊಟ್ಟವರು ಫಿಲಡೆಲ್ಫಿಯಾ ತಂಡದ ರೆಗ್ಗಿ ವೈಟ್. ಎದುರಾಳಿಗಳು ನಡುಗುತ್ತಿದ್ದ ರಕ್ಷಣಾ ಆಟಗಾರ, ಜೊತೆಗೆ ಪಾದ್ರಿ.

ಇನ್ನು ಉಳಿಗಾಲವಿಲ್ಲ ಎಂದು ಕಂಡ ಮಾಲೀಕರು 1993ರಲ್ಲಿ ರಾಜಿಗೆ ಬಂದರು. ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಸಿಕ್ಕಿತು, ಲೀಗ್‌ನ ಆದಾಯದಲ್ಲಿ ಗೊತ್ತಾದ ಪಾಲು ಸಿಕ್ಕಿತು. ಅದಕ್ಕೆ ಬದಲಾಗಿ ಮಾಲೀಕರಿಗೆ ಸಂಬಳದ ಮಿತಿ ಸಿಕ್ಕಿತು. ಯಾವ ತಂಡವೂ ಆಟಗಾರರಿಗೆ ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 1994ರಲ್ಲಿ ಜಾರಿಗೆ ಬಂದಾಗ ಆ ಮಿತಿ ತಂಡಕ್ಕೆ 3 ಕೋಟಿ 46 ಲಕ್ಷ ಡಾಲರ್. 2024ರಲ್ಲಿ 25 ಕೋಟಿ 54 ಲಕ್ಷ.

ಮೇಲಿನ ಲೆಕ್ಕದ ಜೊತೆ ಇದನ್ನು ಇಟ್ಟು ನೋಡಿ. ಗ್ರೀನ್ ಬೇಗೆ ಲೀಗ್‌ನಿಂದ ಬಂದ ಪಾಲೇ 40 ಕೋಟಿ, ಆಟಗಾರರ ಸಂಬಳಕ್ಕೆ ಮಿತಿ 25 ಕೋಟಿ ಚಿಲ್ಲರೆ. ಊರಲ್ಲಿ ಒಂದು ಟಿಕೆಟ್ ಮಾರುವ ಮೊದಲೇ ಸಂಬಳದ ದುಡ್ಡು ಕೈಯಲ್ಲಿರುತ್ತದೆ. ಸಣ್ಣ ಊರು ನಿಂತಿರುವುದು ಈ ನೆಲದ ಮೇಲೆ.

ಸ್ವಾತಂತ್ರ್ಯ ಕೊಟ್ಟರೆ ಒಳ್ಳೆಯ ಆಟಗಾರರೆಲ್ಲ ದೊಡ್ಡ ಪಟ್ಟಣಕ್ಕೆ ಓಡುತ್ತಾರೆ, ಗ್ರೀನ್ ಬೇಯ ಕಥೆ ಮುಗಿಯಿತು ಎಂಬ ಮಾತು ಆಗ ಜೋರಾಗಿತ್ತು. ಆದದ್ದೇನು? ದಾವೆಗೆ ಹೆಸರು ಕೊಟ್ಟ ಅದೇ ರೆಗ್ಗಿ ವೈಟ್ 1993ರಲ್ಲಿ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್ ಕರಾರಿಗೆ ಸಹಿ ಹಾಕಿ ಗ್ರೀನ್ ಬೇಗೆ ಬಂದರು! ಕಾಲು ಶತಮಾನ ಕಪ್ ಕಾಣದಿದ್ದ ಊರು 1997ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಆಟಗಾರನ ಸ್ವಾತಂತ್ರ್ಯ ಸಣ್ಣ ಊರಿನ ಶತ್ರು ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಕ್ಕದ ಊರಿನ ಬೇಸ್‌ಬಾಲ್

ಒಪ್ಪಂದ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನೋಡಲು ದೂರ ಹೋಗಬೇಕಿಲ್ಲ. ಅದೇ ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರಕ್ಕೆ ಬೇಸ್‌ಬಾಲ್ ತಂಡವಿದೆ, ಬ್ರೂವರ್ಸ್. ಬೇಸ್‌ಬಾಲ್‌ನಲ್ಲಿ ಹೆಚ್ಚು ಖರ್ಚು ಮಾಡಿದವರಿಗೆ ದಂಡದಂಥ ತೆರಿಗೆ ಇದೆ, ಆದರೆ ಗಟ್ಟಿ ಮಿತಿ ಇಲ್ಲ. 2008ರ ಜುಲೈನಲ್ಲಿ ಸಿಸಿ ಸಬಾಥಿಯಾ ಎಂಬ ಬೌಲರ್ ಮಿಲ್ವಾಕಿಗೆ ಬಂದರು. ಬೇಸ್‌ಬಾಲ್‌ನಲ್ಲಿ ಪಿಚರ್ ಅನ್ನುತ್ತಾರೆ. 26 ವರ್ಷದ ನಂತರ ತಂಡ ಅಂತಿಮ ಸುತ್ತಿನ ಪಂದ್ಯಗಳಿಗೆ ಹೋಯಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಏಳು ವರ್ಷಕ್ಕೆ 16 ಕೋಟಿ 10 ಲಕ್ಷ ಡಾಲರ್ ಕೊಟ್ಟು ಅವರನ್ನು ಒಯ್ದಿತು. ಮರುವರ್ಷವೇ ಯಾಂಕೀಸ್ ಕಪ್ ಎತ್ತಿತು. ಮಿಲ್ವಾಕಿಯ ಜನರಿಗೆ ಉಳಿದದ್ದು ಒಂದು ಬೇಸಿಗೆಯ ನೆನಪು.

ಎರಡೂ ಊರು ಒಂದೇ ರಾಜ್ಯದವು, ಎರಡರ ನಡುವೆ ಕಾರಿನಲ್ಲಿ ಎರಡು ತಾಸಿನ ದಾರಿ. ವ್ಯತ್ಯಾಸ ಮಾಡಿದ್ದು ಆಟದ ಹಿಂದಿನ ಕಾಗದ.

ರಾಶಿಗೆ ಬಾರದ ಬೆಳೆ

ಹಾಗಾದರೆ ಎಲ್ಲ ಸರಿಯಾಯಿತೇ? ಇಲ್ಲ. ಒಂದು ತೂತು ಉಳಿದಿದೆ, ಅದು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ.

ಟಿವಿ ದುಡ್ಡು ರಾಶಿಗೆ ಬರುತ್ತದೆ. ಟಿಕೆಟ್ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಎದುರು ತಂಡಗಳ ಪಾಲಿಗೆ ಹೋಗುತ್ತದೆ. ಆದರೆ ಕ್ರೀಡಾಂಗಣದಲ್ಲಿ ಶ್ರೀಮಂತರು ಕೂರುವ ಐಷಾರಾಮಿ ಕೋಣೆಗಳ ಬಾಡಿಗೆ, ಕ್ರೀಡಾಂಗಣಕ್ಕೆ ಕಂಪನಿಯ ಹೆಸರಿಡುವ ದುಡ್ಡು, ಸ್ಥಳೀಯ ಜಾಹೀರಾತು ಇವೆಲ್ಲ ಆಯಾ ತಂಡದ ಜೇಬಿಗೇ. ಡಲ್ಲಾಸ್ ತಂಡದ ಮಾಲೀಕ ಜೆರ್ರಿ ಜೋನ್ಸ್ ಈ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು. 1995ರಲ್ಲಿ ಅವರು ಪೆಪ್ಸಿ, ನೈಕಿ ಜೊತೆ ತಾವೇ ವ್ಯವಹಾರ ಕುದುರಿಸಿದಾಗ ಲೀಗ್ ಅವರ ಮೇಲೆ ದಾವೆ ಹೂಡಿತು, ಅವರು ಲೀಗ್ ಮೇಲೆ ತಿರುಗಿ ಹೂಡಿದರು. ಮರುವರ್ಷ ರಾಜಿಯಾಯಿತು. ಜೋನ್ಸ್ ದಾರಿ ಮುಚ್ಚಲಿಲ್ಲ.

ಇದರಲ್ಲಿ ಸಣ್ಣ ಊರಿಗೆ ತೊಂದರೆ ಹೇಗೆ? ಸ್ವಲ್ಪ ನಿಧಾನ ಓದಿ, ಲೆಕ್ಕ ಇಲ್ಲೇ ಇದೆ. 2011ರ ಒಪ್ಪಂದದ ಪ್ರಕಾರ ಸ್ಥಳೀಯ ಆದಾಯದಲ್ಲಿ ಶೇ 40 ಆಟಗಾರರ ಪಾಲಿನ ಲೆಕ್ಕಕ್ಕೆ ಸೇರುತ್ತದೆ. ಎಲ್ಲ ತಂಡಗಳ ಲೆಕ್ಕ ಕೂಡಿಸಿ, 32ರಿಂದ ಭಾಗಿಸಿ ಮಿತಿ ನಿಗದಿ ಮಾಡುತ್ತಾರೆ. ಡಲ್ಲಾಸ್ ತನ್ನ ಐಷಾರಾಮಿ ಕೋಣೆಗಳಿಂದ 100 ರೂಪಾಯಿ ಹೆಚ್ಚು ದುಡಿಯಿತು ಅನ್ನಿ. ಅದರಲ್ಲಿ 40 ರೂಪಾಯಿ ಆಟಗಾರರ ಲೆಕ್ಕಕ್ಕೆ ಹೋಯಿತು. 32 ತಂಡಕ್ಕೆ ಹಂಚಿದರೆ ಪ್ರತಿ ತಂಡದ ಮಿತಿ ಒಂದೂಕಾಲು ರೂಪಾಯಿ ಏರಿತು. ದುಡಿದದ್ದು ಡಲ್ಲಾಸ್ ಒಂದೇ, ಸಂಬಳದ ಗೆರೆ ಏರಿದ್ದು ಎಲ್ಲರಿಗೂ. ಊರಿನ ಸಾಹುಕಾರ ಮಗಳ ಮದುವೆಯನ್ನು ಭರ್ಜರಿ ಮಾಡಿದ, ಉಳಿದ ಮನೆಯವರೂ ಅದೇ ಮಟ್ಟಕ್ಕೆ ಖರ್ಚು ಮಾಡಬೇಕಾಯಿತು ಅನ್ನುವ ಹಾಗೆ.

ಗೆರೆ ಏರಿದರೇನಂತೆ, ಖರ್ಚು ಮಾಡದಿದ್ದರಾಯಿತು ಅನ್ನುವಂತಿಲ್ಲ. ಕೆಳಗೂ ಒಂದು ಗೆರೆ ಇದೆ. ಈಗಿನ ಒಪ್ಪಂದದಲ್ಲಿ ಪ್ರತಿ ತಂಡ ಮೂರು ವರ್ಷದ ಅವಧಿಯಲ್ಲಿ ಮಿತಿಯ ಶೇ 90ರಷ್ಟನ್ನು ಕೊಡಲೇಬೇಕು.

ಈ ಅಪಾಯವನ್ನು ಮೊದಲೇ ಕಂಡವರು ಬಫಲೊ ತಂಡದ ಮಾಲೀಕ ರಾಲ್ಫ್ ವಿಲ್ಸನ್. 2006ರಲ್ಲಿ ಸ್ಥಳೀಯ ಆದಾಯವನ್ನೂ ಸೇರಿಸಿ ಒಟ್ಟು ಆದಾಯದ ಮೇಲೆ ಪಾಲು ಕಟ್ಟುವ ಒಪ್ಪಂದ ಬಂದಾಗ 30 ಮಾಲೀಕರು ಹೌದು ಅಂದರು, ಇಬ್ಬರು ಬೇಡ ಅಂದರು. ಆ ಇಬ್ಬರು 87 ವರ್ಷದ ವಿಲ್ಸನ್ ಮತ್ತು ಸಿನ್ಸಿನಾಟಿಯ ಮೈಕ್ ಬ್ರೌನ್. ಇಬ್ಬರದೂ ಸಣ್ಣ ಮಾರುಕಟ್ಟೆಯ ತಂಡ.

ಅಣ್ಣತಮ್ಮಂದಿರ ಜಗಳ, ಕೂಲಿಯವರಿಗೆ ಬರೆ

ಎರಡೇ ವರ್ಷದಲ್ಲಿ, 2008ರಲ್ಲಿ, ಮಾಲೀಕರೆಲ್ಲ ಒಮ್ಮತದಿಂದ ಆ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿದರು. ದೊಡ್ಡ ತಂಡಗಳಿಗೆ ಸ್ಥಳೀಯ ದುಡ್ಡು ಹಂಚಲು ಮನಸ್ಸಿರಲಿಲ್ಲ. ಸಣ್ಣ ತಂಡಗಳಿಗೆ ಸಂಬಳದ ಭಾರ ತಡೆಯಲಾಗುತ್ತಿರಲಿಲ್ಲ. ಇಬ್ಬರಿಗೂ ಸುಲಭ ಕಂಡ ದಾರಿ ಆಟಗಾರರ ಪಾಲು ಕಡಿಮೆ ಮಾಡುವುದು.

2011ರ ಫೆಬ್ರವರಿ 6ರಂದು ಸೂಪರ್ ಬೌಲ್ ನಡೆಯಿತು. ಆಡಿದ್ದು ಗ್ರೀನ್ ಬೇ ಮತ್ತು ಮೂರು ಲಕ್ಷ ಜನರ ಪಿಟ್ಸ್‌ಬರ್ಗ್. 31–25ರಲ್ಲಿ ಗ್ರೀನ್ ಬೇ ಗೆದ್ದಿತು. ಸಣ್ಣ ಊರುಗಳ ಹಬ್ಬ ಅದು. ಮಾರ್ಚ್‌ನಲ್ಲಿ ಮಾಲೀಕರು ಲಾಕೌಟ್ ಘೋಷಿಸಿದರು. ಹಬ್ಬ ಗೆದ್ದವರಿಗೇ ತಮ್ಮ ಕ್ರೀಡಾಂಗಣದ ಬಾಗಿಲು ಮುಚ್ಚಿತು. ನಾಲ್ಕೂವರೆ ತಿಂಗಳ ನಂತರ, ಜುಲೈ ಕೊನೆಯಲ್ಲಿ ಒಪ್ಪಂದವಾಯಿತು. ಆಟಗಾರರ ಪಾಲು ಮೊದಲಿಗಿಂತ ಇಳಿಯಿತು.

ಹೊಸಬರ ಸಂಬಳಕ್ಕೂ ಕತ್ತರಿ ಬಿತ್ತು. ಈ ಲೀಗ್‌ನಲ್ಲಿ ಕೊನೆಗೆ ಬಂದ ತಂಡಕ್ಕೆ ಕಾಲೇಜು ಹುಡುಗರಲ್ಲಿ ಮೊದಲು ಆರಿಸಿಕೊಳ್ಳುವ ಅವಕಾಶ. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7 ಕೋಟಿ 80 ಲಕ್ಷ ಡಾಲರ್ ಕರಾರು. 2011ರಲ್ಲಿ ಮೊದಲು ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ. ಸೋತ ತಂಡಗಳಿಗೆ ಇದರಿಂದ ಉಸಿರು ಬಂದದ್ದು ನಿಜ. ಉಸಿರು ಕೊಟ್ಟವರು ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು ಅನ್ನುವುದೂ ನಿಜ.

ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿ, ಕೊನೆಗೆ ಕೂಲಿಯಾಳಿನ ಕೂಲಿ ಕಡಿದು ರಾಜಿಯಾದ ಹಾಗಾಯಿತು ಇದು.

ಕೋಟಿ ಕೋಟಿ ಎಣಿಸುವವರಿಗೆ ಕೂಲಿಯವರು ಅನ್ನಬಹುದೇ ಎಂದು ನೀವು ಕೇಳಬಹುದು. ಕೋಟಿ ಎಣಿಸುವವರು ಕೆಲವರು. ಬಹಳ ಜನ ಮೂರ್ನಾಲ್ಕು ವರ್ಷದಲ್ಲಿ ಆಟ ಬಿಡುತ್ತಾರೆ. ಹೆಚ್ಚಿನ ಕರಾರುಗಳಲ್ಲಿ ಪೂರ್ತಿ ಹಣಕ್ಕೆ ಖಾತ್ರಿಯಿಲ್ಲ, ಗಾಯವಾಗಿ ಆಟ ಕುಗ್ಗಿದರೆ ಮನೆಗೆ ಕಳಿಸುತ್ತಾರೆ. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿನ ಕಾಯಿಲೆಗೆ ತುತ್ತಾದ ಮಾಜಿ ಆಟಗಾರರು ಲೀಗ್ ಮೇಲೆ ದಾವೆ ಹೂಡಿ ಪರಿಹಾರ ಪಡೆಯಬೇಕಾಯಿತು. ಮೈಯೇ ಬಂಡವಾಳವಾದವನ ದುಡಿಮೆ ಎಷ್ಟು ದಿನದ್ದು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

2020ರ ಮಾರ್ಚ್‌ನಲ್ಲಿ ಈಗಿನ ಒಪ್ಪಂದ ಮತಕ್ಕೆ ಬಂತು. ವರ್ಷಕ್ಕೆ 16 ಇದ್ದ ಪಂದ್ಯಗಳನ್ನು 17 ಮಾಡಲು ಅವಕಾಶ, ಆಟಗಾರರಿಗೆ ಆದಾಯದಲ್ಲಿ ಕನಿಷ್ಠ ಶೇ 48, ಕನಿಷ್ಠ ಸಂಬಳದಲ್ಲಿ ಏರಿಕೆ. ಪರ 1,019 ಮತ, ವಿರುದ್ಧ 959. ಬರೀ 60 ಮತದ ಅಂತರ. ಗ್ರೀನ್ ಬೇಯ ಆಗಿನ ತಾರೆ ಏರನ್ ರಾಡ್ಜರ್ಸ್ ತಾವು ಬೇಡ ಅಂದದ್ದಾಗಿ ಬಹಿರಂಗವಾಗಿ ಹೇಳಿದರು. ಸಣ್ಣ ಊರನ್ನು ಉಳಿಸಿದ ಕಾಗದಕ್ಕೆ ಆ ಊರಿನ ದೊಡ್ಡ ಆಟಗಾರನೇ ಒಪ್ಪಲಿಲ್ಲ. ಸಮತೋಲನದ ಬೆಲೆ ಯಾರು ತೆರುತ್ತಿದ್ದಾರೆ ಎಂದು ಅದರಿಂದಲೇ ತಿಳಿಯುತ್ತದೆ.

ಊರವರ ಜೇಬಿಗೂ ಕೈ

ರಾಶಿಗೆ ಬಾರದ ದುಡ್ಡಿನ ಆಸೆ ಇನ್ನೊಂದು ಕಡೆಗೂ ಎಳೆಯುತ್ತದೆ. ಐಷಾರಾಮಿ ಕೋಣೆ ಬೇಕಾದರೆ ಹೊಸ ಕ್ರೀಡಾಂಗಣ ಬೇಕು. ಅದಕ್ಕೆ ದುಡ್ಡು ಸಾರ್ವಜನಿಕರದ್ದು. ಬಫಲೊ ತಂಡದ ಹೊಸ ಕ್ರೀಡಾಂಗಣಕ್ಕೆ ರಾಜ್ಯ ಮತ್ತು ಕೌಂಟಿ ಸರ್ಕಾರಗಳು ಸೇರಿ 85 ಕೋಟಿ ಡಾಲರ್ ಒಪ್ಪಿಕೊಂಡವು. ಗ್ರೀನ್ ಬೇಯ ಜನರೂ 2000ದಲ್ಲಿ ಮತ ಹಾಕಿ ತಮ್ಮ ಮೇಲೆ ಅರ್ಧ ಪರ್ಸೆಂಟ್ ಮಾರಾಟ ತೆರಿಗೆ ಹೇರಿಕೊಂಡರು, 2015ರವರೆಗೆ ಕಟ್ಟಿದರು. ಕೊಡಲಾಗದ, ಕೊಡಲೊಪ್ಪದ ಊರುಗಳು ತಂಡ ಕಳೆದುಕೊಂಡವು. ಸೇಂಟ್ ಲೂಯಿಸ್‌ನ ತಂಡ 2016ರಲ್ಲಿ, ಸ್ಯಾನ್ ಡಿಯೇಗೊ ತಂಡ 2017ರಲ್ಲಿ ಲಾಸ್ ಏಂಜಲೀಸ್‌ಗೆ ಹೋದವು. ಓಕ್ಲೆಂಡ್ ತಂಡ 2020ರಲ್ಲಿ ಲಾಸ್ ವೇಗಸ್ ಸೇರಿತು. ಸಂಬಳದ ಒಪ್ಪಂದ ತಂಡವನ್ನು ಸಮ ಮಾಡಬಹುದು, ಊರಲ್ಲೇ ಕಟ್ಟಿಹಾಕಲಾರದು.

ನಾವು ಹೇಳುವುದು

ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ. ಮುಂದಿನ ಮಾತುಕತೆಯಲ್ಲಿ ಮಾಲೀಕರು ಹಳೇ ರಾಗವನ್ನೇ ಹಾಡಬಹುದು: ಸಣ್ಣ ತಂಡಗಳಿಗೆ ಕಷ್ಟ, ಆದ್ದರಿಂದ ಆಟಗಾರರ ಪಾಲು ಇಳಿಸಿ. ಈ ಮಾತಿಗೆ ಸಣ್ಣ ಊರಿನವರು ತಲೆಯಾಡಿಸಬಾರದು. ಸಣ್ಣ ತಂಡದ ಕಷ್ಟಕ್ಕೆ ಕಾರಣ ಆಟಗಾರನ ಸಂಬಳವಲ್ಲ, ರಾಶಿಗೆ ಬಾರದ ಬೆಳೆ. ಸಂಬಳದ ಲೆಕ್ಕಕ್ಕೆ ಯಾವ ದುಡ್ಡು ಸೇರುತ್ತದೋ ಆ ದುಡ್ಡು ಹಂಚಿಕೆಗೂ ಸೇರಬೇಕು. ಡಲ್ಲಾಸ್‌ನ ಕೋಣೆ ಬಾಡಿಗೆ ಗ್ರೀನ್ ಬೇಯ ಖರ್ಚನ್ನು ಏರಿಸುವುದಾದರೆ, ಆ ಬಾಡಿಗೆಯಲ್ಲಿ ಗ್ರೀನ್ ಬೇಗೂ ಅಷ್ಟಾದರೂ ಪಾಲು ಬರಬೇಕು. ನ್ಯಾಯ ಅಂದರೆ ಅಷ್ಟೇ.

ಅಮೆರಿಕದ ಲೆಕ್ಕ ಓದುತ್ತಾ ನಮ್ಮ ಐಪಿಎಲ್ ನೆನಪಾಗದೇ ಇರದು. ಅಲ್ಲೂ ಮಿತಿ ಇದೆ. 2025ರ ಋತುವಿನ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿ. ಆ ಅಂಕಿಯನ್ನು ಆಟಗಾರರ ಸಂಘ ಎದುರು ಕೂತು ಚೌಕಾಸಿ ಮಾಡಿ ಗಿಟ್ಟಿಸಿದ್ದಲ್ಲ. ನಮ್ಮಲ್ಲಿ ಆಡುತ್ತಿರುವ ಕ್ರಿಕೆಟಿಗರಿಗೆ ಅಂಥ ಸಂಘವಿಲ್ಲ. 2019ರಲ್ಲಿ ಶುರುವಾದ ಭಾರತೀಯ ಕ್ರಿಕೆಟಿಗರ ಸಂಘ ನಿವೃತ್ತರದ್ದು. ಮೇಲಿನ ಗೆರೆ ಇದೆ, ಆದರೆ ಒಟ್ಟು ಆದಾಯದಲ್ಲಿ ಆಟಗಾರನಿಗೆ ಇಂತಿಷ್ಟು ಎಂದು ಬರೆದ ಒಪ್ಪಂದವಿಲ್ಲ. ನಮ್ಮ ಜಿಲ್ಲೆಗಳಿಂದ ಹೋಗುವ ಕ್ರಿಕೆಟ್ ಹುಡುಗರ ತಂದೆತಾಯಂದಿರು ಕೇಳಬೇಕಾದ ಪ್ರಶ್ನೆ ಇದು.

ರೆಗ್ಗಿ ವೈಟ್ 2004ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು. ಗ್ರೀನ್ ಬೇ ಅವರ 92ನೇ ಸಂಖ್ಯೆಯ ಅಂಗಿಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಮೈದಾನದಲ್ಲಿ ಅವರು ಏನು ಮಾಡಿದರು ಎಂದು ಆ ಊರಿನ ಮಕ್ಕಳಿಗೂ ಗೊತ್ತು. ಕೋರ್ಟಿನಲ್ಲಿ ಅವರು ಏನು ಮಾಡಿದರು ಅನ್ನುವುದನ್ನೂ ಆ ಊರು ಮಕ್ಕಳಿಗೆ ಹೇಳಿಕೊಟ್ಟರೆ, ಮುಂದಿನ ಒಪ್ಪಂದದ ಹೊತ್ತಿಗೆ ಯಾರ ಪಕ್ಕ ನಿಲ್ಲಬೇಕು ಎಂದು ಯಾರೂ ಬಂದು ಹೇಳಬೇಕಾಗಿಲ್ಲ.